ಫೈನಲ್ ಮುಗಿದ ಮರುದಿನ

ನಮ್ಮ ಜಗಳೂರು ಕಡೆ ಬೆಳೆ ಕೈಕೊಟ್ಟ ವರ್ಷ ರೈತರು ಒಂದು ಮಾತು ಹೇಳುತ್ತಾರೆ: ‘ಹುಬ್ಬೆ ಮಳೆ ಒಂದು ಹದ ಆಗಿದ್ದರೆ ಸಾಕಿತ್ತು.’ ಆಟದ ಮೈದಾನದಲ್ಲೂ ಇಂಥದ್ದೇ ಒಂದು ಮಾತಿದೆ: ‘ಅದೊಂದು ಗೋಲಾಗಿದ್ದರೆ ಸಾಕಿತ್ತು.’ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ಕಡೆಯ ಶಾಲೆಗಳಲ್ಲಿ ನಾನು ದೈಹಿಕ ಶಿಕ್ಷಕನಾಗಿ ದುಡಿದವನು. ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ, ಎಷ್ಟು ಸಲ ನಾನೇ ಆಡಿದ್ದೇನೋ ಲೆಕ್ಕವಿಲ್ಲ. ಕಪ್ಪಿನ ಹತ್ತಿರ ಹೋಗಿ ಬರಿಗೈಯಲ್ಲಿ ಬಂದ ಹಾಕಿ ತಂಡದ ಹಣೆಬರಹ ಒಂದು ಗೋಲಿನಿಂದ ಬದಲಾಗುತ್ತಿತ್ತೇ? ಇವತ್ತು ಈ ಪ್ರಶ್ನೆಯನ್ನು ನಿಮ್ಮ ಮುಂದಿಟ್ಟುಕೊಂಡು ಸ್ವಲ್ಪ ಯೋಚನೆ ಮಾಡುತ್ತೇನೆ.

ಹಾಕಿ ನಮ್ಮ ಸೀಮೆಯ ಆಟವಲ್ಲ ಎಂದು ಹೇಳುವವರಿದ್ದಾರೆ. ನಮ್ಮ ನೆಲ ನೋಡಿದರೆ ಹಾಗೆ ಅನ್ನಿಸುವುದು ಸಹಜ. ಹಾಕಿ ಚೆಂಡು ನೆಲಕ್ಕೆ ಅಂಟಿಕೊಂಡು ಉರುಳಬೇಕು. ಹೊನ್ನಾಳಿಯ ಹೊಳೆಸಾಲಿನ ಎರೆ ನೆಲ ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಚನ್ನಗಿರಿ ಕಡೆ ಅಡಿಕೆ ಕೊಯ್ಲು ಬಂತೆಂದರೆ ಬಯಲೆಂಬ ಬಯಲೆಲ್ಲ ಒಣಗುವ ಅಡಿಕೆ. ನ್ಯಾಮತಿಯಲ್ಲಿ ಮೆಕ್ಕೆಜೋಳದ ಕಾಲಕ್ಕೆ ಮೈದಾನದ ಒಂದು ಮಗ್ಗುಲು ಕಣವಾಗಿಬಿಡುತ್ತದೆ. ರಾಶಿ ಎತ್ತಿದ ಮೇಲೂ ನೆಲದಲ್ಲಿ ಉಳಿದ ಕಾಳಿಗೆ ತಾಗಿ ಚೆಂಡು ಎಗರಿ ಹುಡುಗರ ಮೊಣಕಾಲಿಗೆ ಬಡಿದದ್ದನ್ನು ಕಂಡಿದ್ದೇನೆ. ಜಗಳೂರಿನದು ಗರಸು ನೆಲ. ಅಲ್ಲಿ ಬಿದ್ದ ಹುಡುಗನ ಮಂಡಿಯಲ್ಲಿ ಸಣ್ಣ ಕಲ್ಲು ಸಿಕ್ಕಿಕೊಂಡೇ ಇರುತ್ತಿತ್ತು. ಇಷ್ಟಿದ್ದೂ ನಾವು ಆಡಿದೆವು. ಆಡಲು ನಮಗೆ ಹುಚ್ಚು ಹಿಡಿಸಿದ್ದು ರೇಡಿಯೋ.

ಮೊದಲು 1973ಕ್ಕೆ ಹೋಗೋಣ. ಅದು ಎರಡನೆಯ ವಿಶ್ವಕಪ್ ಹಾಕಿ. ನಡೆದದ್ದು ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟೆಲ್‌ವೀನ್‌ನಲ್ಲಿ. ಭಾರತ ತಂಡದ ನಾಯಕ ನಮ್ಮ ಕೊಡಗಿನ ಎಂ.ಪಿ. ಗಣೇಶ್. ಮುಂಪಡೆಯಲ್ಲಿ ಸೋಮವಾರಪೇಟೆಯ ಬಿ.ಪಿ. ಗೋವಿಂದ, ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸು. ಹಿಂದಿನ ವರ್ಷ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇಬ್ಬರೂ ಕಂಚು ಗೆದ್ದಿದ್ದರು. ಆ ಕಂಚಿನ ಪಂದ್ಯದಲ್ಲಿ ಸೋತವರು ಇದೇ ಡಚ್ಚರು. ವಿಶ್ವಕಪ್ಪಿನ ಸೆಮಿಫೈನಲ್‌ನಲ್ಲಿ ನಮ್ಮವರು ಪಾಕಿಸ್ತಾನವನ್ನು 1-0ಯಿಂದ ಸೋಲಿಸಿದರು. ಸೆಪ್ಟೆಂಬರ್ 2, ಭಾನುವಾರ, ಫೈನಲ್. ಎದುರಿಗೆ ಆತಿಥೇಯ ನೆದರ್‌ಲ್ಯಾಂಡ್ಸ್.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಸುರ್ಜಿತ್ ಸಿಂಗ್ ಎರಡು ಗೋಲು ಹೊಡೆದರು. ಭಾರತ 2-0. ಕಪ್ಪು ನಮ್ಮದೇ ಅನ್ನುವ ಹೊತ್ತು. ಆಮೇಲೆ ಡಚ್ಚರ ಟೀಸ್ ಕ್ರೂಜ಼ೆ ಎರಡು ಗೋಲು ತೀರಿಸಿದರು. 2-2. ಹೆಚ್ಚುವರಿ ಸಮಯ ಬಂತು. ಅಲ್ಲಿ ಮೊದಲು ಗೋಲು ಹೊಡೆದವರೇ ವಿಶ್ವ ಚಾಂಪಿಯನ್. ಆ ಹೊತ್ತಿಗೆ ಭಾರತಕ್ಕೆ ಒಂದು ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ಹೊಡೆಯಲು ಬಂದವರು ಗೋವಿಂದ.

ಪೆನಾಲ್ಟಿ ಸ್ಟ್ರೋಕ್ ಅಂದರೆ ಏನು ಅಂತ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಈಗಿನ ಲೆಕ್ಕದಲ್ಲಿ ಗೋಲಿನಿಂದ 6.4 ಮೀಟರ್ ದೂರದಲ್ಲಿ ಒಂದು ಚುಕ್ಕೆ. ಅಲ್ಲಿ ಚೆಂಡು. ಚೆಂಡಿನ ತೂಕ ಸುಮಾರು 160 ಗ್ರಾಂ. ಎದುರಿಗೆ 3.66 ಮೀಟರ್ ಅಗಲದ, 2.14 ಮೀಟರ್ ಎತ್ತರದ ಗೋಲು. ಅದರ ಗೆರೆ ಮೇಲೆ ಗೋಲಿಯೊಬ್ಬ. ಉಳಿದವರೆಲ್ಲ ದೂರ. ಸ್ಟಿಕ್ ಹಿಂದಕ್ಕೆತ್ತಿ ಬೀಸುವಂತಿಲ್ಲ, ತಳ್ಳಬೇಕು ಅಥವಾ ಚಿಮ್ಮಿಸಬೇಕು. ಸೀಟಿ ಊದಿದ ಮೇಲೆ ಒಂದೇ ಅವಕಾಶ. ಹನ್ನೊಂದು ಜನ ಆಡುವ ಆಟ ಆ ಕ್ಷಣದಲ್ಲಿ ಒಬ್ಬನ ಹೆಗಲ ಮೇಲೆ ಬಂದು ಕೂತಿರುತ್ತದೆ.

ಆ ಚೆಂಡು ಗೋಲಾಗಲಿಲ್ಲ. ಕೊನೆಗೆ ಪೆನಾಲ್ಟಿ ಸ್ಟ್ರೋಕ್‌ಗಳ ಸರದಿಯಲ್ಲಿ ನೆದರ್‌ಲ್ಯಾಂಡ್ಸ್ 4-2ರಿಂದ ಗೆದ್ದಿತು. ಅದು ಅವರ ಮೊದಲ ವಿಶ್ವಕಪ್. ನಮಗೆ ಬೆಳ್ಳಿ.

ಈಗ ಕಣ್ಣು ಮುಚ್ಚಿ ಕಲ್ಪಿಸಿಕೊಳ್ಳಿ. ಗೋವಿಂದರ ಚೆಂಡು ಗೋಲಿಯ ಕೈಗೆ ಸಿಗದೆ ಬಲೆಗೆ ಬಿತ್ತು ಅಂತಿಟ್ಟುಕೊಳ್ಳಿ. ಏನೇನು ಬದಲಾಗುತ್ತಿತ್ತು?

ಮೊದಲನೆಯದು ಖಂಡಿತ ಬದಲಾಗುತ್ತಿತ್ತು. ಭಾರತಕ್ಕೆ ಮೊದಲ ಹಾಕಿ ವಿಶ್ವಕಪ್ ಎತ್ತಿ ತೋರಿಸಿದ ನಾಯಕನ ಹೆಸರು ಎಂ.ಪಿ. ಗಣೇಶ್ ಎಂದಾಗುತ್ತಿತ್ತು. ಗೆಲುವಿನ ಗೋಲು ಹೊಡೆದವರು ಸೋಮವಾರಪೇಟೆಯವರು. ನಮ್ಮ ಕನ್ನಡದ ಮಕ್ಕಳು ಧ್ಯಾನ್‌ಚಂದ್ ಹೆಸರಿನ ಜೊತೆಗೇ ಈ ಎರಡು ಹೆಸರನ್ನೂ ಬಾಯಿಪಾಠ ಮಾಡುತ್ತಿದ್ದರು. ಇಂದು ನಮ್ಮ ತಾಲ್ಲೂಕುಗಳ ಯಾವುದೇ ಹೈಸ್ಕೂಲಿಗೆ ಹೋಗಿ ‘ಎಂ.ಪಿ. ಗಣೇಶ್ ಯಾರು’ ಅಂತ ಕೇಳಿ ನೋಡಿ. 2020ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆದರೂ ಉತ್ತರ ಬರುವುದು ಕಷ್ಟ. ಆ ಗೋಲಿನ ಜೊತೆಗೆ ನಾವು ಕಳೆದುಕೊಂಡದ್ದು ಇದನ್ನು, ಮಕ್ಕಳ ನಾಲಿಗೆಯ ಮೇಲಿನ ಎರಡು ಹೆಸರನ್ನು.

ಎರಡನೆಯದಕ್ಕೆ ಬರೋಣ. 1973ರಲ್ಲಿ ಗೆದ್ದಿದ್ದರೆ 1975ರಲ್ಲೂ ಗೆಲ್ಲುತ್ತಿದ್ದೆವೇ? ಇಲ್ಲಿ ನನಗೆ ಸಂಶಯ. ಯಾಕೆಂದರೆ 1975ರ ಗೆಲುವು ಸುಮ್ಮನೆ ಬಂದದ್ದಲ್ಲ. ಹಾಕಿ ಆಡಳಿತದೊಳಗೆ ಜಗಳ ಎದ್ದಿದ್ದ ಕಾಲದಲ್ಲಿ ಪಂಜಾಬ್ ಸರ್ಕಾರ ಮುಂದೆ ಬಂದು ಚಂಡೀಗಢದಲ್ಲಿ ತರಬೇತಿ ಶಿಬಿರ ನಡೆಸಿಕೊಟ್ಟಿತು. ಮೂರು ಒಲಿಂಪಿಕ್ ಚಿನ್ನ ಗೆದ್ದಿದ್ದ ಬಲ್ಬೀರ್ ಸಿಂಗ್ ಮ್ಯಾನೇಜರ್ ಆಗಿ ತಂಡವನ್ನು ಕಟ್ಟಿದರು. ಅಜಿತ್‌ಪಾಲ್ ಸಿಂಗ್ ನಾಯಕ. 1973ರಲ್ಲಿ ಸೋತಿದ್ದ ಸುರ್ಜಿತ್, ಅಜಿತ್‌ಪಾಲ್, ಅಶೋಕ್ ಕುಮಾರ್ ಅಲ್ಲಿದ್ದರು. ಗೋವಿಂದ ಕೂಡ ಇದ್ದರು. ಬಂಧುಗಳೇ, ಇದನ್ನು ಗಮನಿಸಿ. ವಿಶ್ವಕಪ್ ಫೈನಲ್‌ನಲ್ಲಿ ಪೆನಾಲ್ಟಿ ಸ್ಟ್ರೋಕ್ ತಪ್ಪಿಸಿದ ಹುಡುಗನನ್ನು ತಂಡ ಮನೆಗೆ ಕಳಿಸಲಿಲ್ಲ. ಒಂದೂವರೆ ವರ್ಷದ ಮೇಲೆ ಅವನ ಕೈಗೆ ಮತ್ತೆ ಸ್ಟಿಕ್ ಕೊಟ್ಟು ಕ್ವಾಲಾಲಂಪುರಕ್ಕೆ ಕರೆದುಕೊಂಡು ಹೋಯಿತು.

1975ರ ಮಾರ್ಚ್ 15, ಶನಿವಾರ. ನಾನಾಗ ಚನ್ನಗಿರಿಯಲ್ಲಿ ಓದುತ್ತಿದ್ದ ಹುಡುಗ. ಚನ್ನಗಿರಿ ಆಗ ಶಿವಮೊಗ್ಗ ಜಿಲ್ಲೆಯದು. ಸಂತೆ ಬೀದಿಯ ದರ್ಜಿ ಅಂಗಡಿಯೊಂದರಲ್ಲಿ ರೇಡಿಯೋ ಇತ್ತು. ಅಂಗಡಿಯ ಮುಂದೆ ಹತ್ತಿಪ್ಪತ್ತು ಜನ ನಿಂತಿದ್ದೆವು. ಹೊಲಿಗೆ ಯಂತ್ರ ನಿಲ್ಲಿಸಿ ದರ್ಜಿಯೂ ಕಿವಿಗೊಟ್ಟು ಕೂತಿದ್ದರು. ಜಸ್‌ದೇವ್ ಸಿಂಗ್ ಅವರ ಹಿಂದಿ ವೀಕ್ಷಕ ವಿವರಣೆ ಓಡುತ್ತಿತ್ತು. ನಮ್ಮಲ್ಲಿ ಹಿಂದಿ ಬಲ್ಲವರು ಇಬ್ಬರೋ ಮೂವರೋ. ಉಳಿದವರಿಗೆ ಅರ್ಥವಾಗುತ್ತಿದ್ದದ್ದು ಆ ದನಿಯ ಏರಿಳಿತ ಮತ್ತು ಆಟಗಾರರ ಹೆಸರು. ನಡುವೆ ‘ಗೋವಿಂದ’ ಅಂತ ಕೇಳಿಸಿದಾಗ ನನ್ನ ಪಕ್ಕ ನಿಂತಿದ್ದ ಅಜ್ಜರೊಬ್ಬರು ಕೇಳಿದರು:

“ಗೋವಿಂದ ಅಂದ್ರೆ ನಮ್ಮ ಕಡೆಯೋನಾ?”

“ಹೌದು ಅಜ್ಜಾ, ಸೋಮವಾರಪೇಟೆಯೋರಂತೆ. ಹೋದ ಸಲ ತಪ್ಪಿಸಿದ್ರಲ್ಲ, ಅವರೇ.”

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮತ್ತೆ ಕರ್ಕೊಂಡಾರಲ್ಲ, ಪುಣ್ಯಾತ್ಮರು” ಅಂದರು.

ಎದುರಾಳಿ ಪಾಕಿಸ್ತಾನ ಮೊದಲು ಗೋಲು ಹೊಡೆಯಿತು. ಸುರ್ಜಿತ್ ಅದನ್ನು ತೀರಿಸಿದರು. ಧ್ಯಾನ್‌ಚಂದರ ಮಗ ಅಶೋಕ್ ಕುಮಾರ್ ಎರಡನೆಯದನ್ನು ಹೊಡೆದರು. 2-1. ಭಾರತ ವಿಶ್ವ ಚಾಂಪಿಯನ್. ದರ್ಜಿ ತಮ್ಮ ಗಲ್ಲಾಪೆಟ್ಟಿಗೆಯಿಂದ ದುಡ್ಡು ತೆಗೆದು ಪಕ್ಕದ ಹೋಟೆಲಿನಿಂದ ಎಲ್ಲರಿಗೂ ಅರ್ಧರ್ಧ ಚಹಾ ತರಿಸಿದರು. ಅಜ್ಜರ ಮಾತಿನ ತೂಕ ನನಗೆ ಅಂದು ತಿಳಿಯಲಿಲ್ಲ. ತಿಳಿಯುವಷ್ಟರಲ್ಲಿ ಕಾಲು ಶತಮಾನ ಕಳೆದಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಅದೇ ವಿಶ್ವಕಪ್ಪಿನ ಸೆಮಿಫೈನಲ್‌ನಲ್ಲಿ ಮಲೇಷ್ಯಾ ಎದುರು ನಮ್ಮವರು ಹಿಂದೆ ಬಿದ್ದಿದ್ದರು. ಕೊನೆಯ ನಿಮಿಷಗಳಲ್ಲಿ ಬೆಂಚಿನ ಮೇಲಿದ್ದ ಅಸ್ಲಂ ಶೇರ್ ಖಾನ್ ಅವರನ್ನು ಇಳಿಸಿದರು. ಅವರು ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲು ಹೊಡೆದು ಪಂದ್ಯ ಉಳಿಸಿದರು. ಆ ಚೆಂಡೂ ತಪ್ಪಬಹುದಿತ್ತು. ಹಾಗೆ ನೋಡಿದರೆ ಕೈತಪ್ಪಿದ ಕಪ್ಪಿಗೂ ಕೈಗೆ ಬಂದ ಕಪ್ಪಿಗೂ ನಡುವಿನ ಅಂತರ ಒಂದು ಗೇಣು.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. 1973ರ ಆ ಗೋಲು ಆಗಿದ್ದರೆ ಭಾರತದ ಹಾಕಿ ಮುಂದೆ ಇಳಿಮುಖವಾಗುತ್ತಿರಲಿಲ್ಲವೇ? ಆಗುತ್ತಿತ್ತು ಎಂದೇ ನನ್ನ ನಂಬಿಕೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊಟ್ಟಮೊದಲ ಬಾರಿಗೆ ಕೃತಕ ಹಾಸಿನ ಮೇಲೆ, ಅಂದರೆ ಟರ್ಫ್ ಮೇಲೆ, ಹಾಕಿ ಆಡಿಸಿದರು. ವಿಶ್ವ ಚಾಂಪಿಯನ್ ಭಾರತ ಏಳನೆಯ ಸ್ಥಾನಕ್ಕಿಳಿಯಿತು. 1928ರಿಂದ ಒಂದು ಸಲವೂ ಪದಕವಿಲ್ಲದೆ ಬಾರದಿದ್ದ ತಂಡ ಅದು. ಸೆಮಿಫೈನಲ್ ಸ್ಥಾನಕ್ಕಾಗಿ ಆಸ್ಟ್ರೇಲಿಯದ ಮೇಲೆ ನಡೆದ ಪಂದ್ಯದಲ್ಲಿ ನಮ್ಮನ್ನು ಸೋಲಿಸಿದ್ದು ಮತ್ತೆ ಅದೇ ಪೆನಾಲ್ಟಿ ಸ್ಟ್ರೋಕ್. ಆದರೆ ಸ್ಟ್ರೋಕಿನ ಮೇಲೆ ತಪ್ಪು ಹೊರಿಸಿ ಸುಮ್ಮನಾಗುವುದು ಸರಿಯಲ್ಲ. ಹುಲ್ಲಿನ ಮೇಲೆ ಮಣಿಕಟ್ಟಿನ ಚಳಕದಿಂದ ಗೆಲ್ಲುತ್ತಿದ್ದ ಆಟ ಟರ್ಫ್ ಮೇಲೆ ಓಟ, ದಮ್ಮು, ರಟ್ಟೆಬಲದ ಆಟವಾಯಿತು. ಶ್ರೀಮಂತ ದೇಶಗಳು ಊರೂರಿಗೆ ಟರ್ಫ್ ಹಾಸಿದವು. ನಮ್ಮ ಮಕ್ಕಳು ಮಣ್ಣಿನಲ್ಲೇ ಕಲಿತು, ದೊಡ್ಡವರಾದ ಮೇಲೆ ಟರ್ಫ್ ಕಾಣಬೇಕಾಯಿತು. 1975ರ ನಂತರ ಭಾರತದ ಪುರುಷರ ತಂಡ ವಿಶ್ವಕಪ್ಪಿನ ಸೆಮಿಫೈನಲ್‌ಗೆ ಮತ್ತೆ ಕಾಲಿಟ್ಟಿಲ್ಲ. ಒಂದು ಸ್ಟ್ರೋಕು ಗೋಲಾಗಿದ್ದರೆ ಇದನ್ನು ತಡೆಯುತ್ತಿತ್ತೇ? ನೆಲವೇ ಬದಲಾದಾಗ ನೆಲ ಸಿದ್ಧ ಮಾಡಿಕೊಳ್ಳಬೇಕಿತ್ತು. ಬಿತ್ತುವ ಕಾಲ ತಪ್ಪಿದ ಮೇಲೆ ಕೊಯ್ಲಿಗೆ ಹೋಗಿ ಮಳೆಯನ್ನು ಬೈದರೆ ಬರುವುದೇನು?

ಇದರ ತಿರುವುಮುರುವು ನೋಡಿ. 1998ರ ಡಿಸೆಂಬರ್, ಬ್ಯಾಂಕಾಕ್ ಏಷ್ಯನ್ ಗೇಮ್ಸ್. ಫೈನಲ್‌ನಲ್ಲಿ ಭಾರತ ಮತ್ತು ದಕ್ಷಿಣ ಕೊರಿಯಾ ಸಮಸಮ. ಮತ್ತೆ ಪೆನಾಲ್ಟಿ ಸ್ಟ್ರೋಕ್. ಈ ಸಲ ಗೋಲಿನಲ್ಲಿ ನಿಂತವರು ನಮ್ಮ ಬೆಂಗಳೂರಿನ ಆಶಿಶ್ ಬಲ್ಲಾಳ್. ಅವರು ಚೆಂಡು ತಡೆದರು. 32 ವರ್ಷದ ಮೇಲೆ ಏಷ್ಯನ್ ಗೇಮ್ಸ್ ಚಿನ್ನ ಬಂತು. ಇನ್ನು ಹಣೆಬರಹ ಬದಲಾಯಿತು ಎಂದು ಎಲ್ಲರೂ ಹಿಗ್ಗಿದೆವು. ಆದರೆ ಗೆದ್ದು ಬಂದ ಸ್ವಲ್ಪ ಕಾಲದಲ್ಲೇ ನಾಯಕ ಧನರಾಜ್ ಪಿಳ್ಳೆ, ಬಲ್ಲಾಳ್ ಸೇರಿದಂತೆ ಹಲವು ಪ್ರಮುಖ ಆಟಗಾರರನ್ನು ತಂಡದಿಂದ ಹೊರಗಿಟ್ಟರು. ತರಬೇತುದಾರ ಎಂ.ಕೆ. ಕೌಶಿಕ್ ಸ್ಥಾನ ಕಳೆದುಕೊಂಡರು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಪೋಲೆಂಡ್ ಎದುರು ಗೆದ್ದಿದ್ದರೆ ಸೆಮಿಫೈನಲ್ ಸಿಗುತ್ತಿತ್ತು. 1-0 ಮುಂದಿದ್ದವರು ಕೊನೆಯ ಎರಡು ನಿಮಿಷದೊಳಗೆ ಗೋಲು ಬಿಟ್ಟುಕೊಟ್ಟು ಡ್ರಾ ಮಾಡಿಕೊಂಡೆವು.

1973ರಲ್ಲಿ ಸೋತವರನ್ನು ಜೋಪಾನವಾಗಿ ಉಳಿಸಿಕೊಂಡೆವು, ಒಂದೂವರೆ ವರ್ಷದಲ್ಲಿ ವಿಶ್ವಕಪ್ ಬಂತು. 1998ರಲ್ಲಿ ಗೆದ್ದವರನ್ನು ಕೈಬಿಟ್ಟೆವು, ಚಿನ್ನದ ಬೆಳಕು ಎರಡು ವರ್ಷ ಬಾಳಲಿಲ್ಲ. ಇಷ್ಟನ್ನೂ ಅಳೆದು ತೂಗಿ ನಾನು ಮುಟ್ಟಿದ ತೀರ್ಮಾನ ಇದು: ತಂಡದ ಭವಿಷ್ಯ ನಿರ್ಧಾರವಾಗುವುದು ಫೈನಲ್ ಮುಗಿದ ಮರುದಿನ.

ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ. ಒಬ್ಬ ಹುಡುಗನಿಂದ ಕಲಿತೆ.

1999ರ ಮಾತು. ದಾವಣಗೆರೆ ಜಿಲ್ಲೆಯಾಗಿ ಎರಡು ವರ್ಷವಾಗಿತ್ತು. ನಾನು ಜಗಳೂರು ತಾಲ್ಲೂಕಿನ ಹೈಸ್ಕೂಲೊಂದರಲ್ಲಿದ್ದೆ. ನಮ್ಮಲ್ಲಿ ಒಂಬತ್ತು ಸ್ಟಿಕ್ ಇದ್ದವು, ಎಲ್ಲ ಹಿಪ್ಪುನೇರಳೆ ಮರದವು. ತುದಿ ಸೀಳದಿರಲಿ ಎಂದು ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿದ್ದೆವು. ಉಳಿದ ಎರಡನ್ನು ಪಕ್ಕದೂರಿನ ಶಾಲೆಯಿಂದ ಕೇಳಿ ತಂದಿದ್ದೆ. ತಾಲ್ಲೂಕು ಮಟ್ಟದಲ್ಲಿ ಹಾಕಿಗೆ ಬಂದದ್ದೇ ಎರಡು ತಂಡ, ಒಂದು ಪಂದ್ಯ, ಅದೇ ಫೈನಲ್. ಗೆದ್ದು ಜಿಲ್ಲಾ ಮಟ್ಟಕ್ಕೆ ಹೋದೆವು. ಅಲ್ಲೂ ಗೆಲ್ಲುತ್ತ ಫೈನಲ್ ಮುಟ್ಟಿದೆವು. ಗರಸು ನೆಲದಲ್ಲಿ ಬಿದ್ದೆದ್ದು ಕಲಿತ ಹುಡುಗರಿಗೆ ದಾವಣಗೆರೆಯ ಸಮತಟ್ಟು ಮೈದಾನ ಚಾಪೆ ಹಾಸಿದ ಹಾಗೆ ಕಂಡಿತ್ತು. ಫೈನಲ್ 1-1. ಪೆನಾಲ್ಟಿ ಸ್ಟ್ರೋಕ್. ಬ್ಯಾಂಕಾಕಿನ ಸುದ್ದಿ ಕೇಳಿದ್ದ ಹುಡುಗರು ತಿಂಗಳುಗಟ್ಟಲೆ ಅದನ್ನೇ ಆಡಿದ್ದರು. ನಮ್ಮ ಕೊನೆಯ ಸ್ಟ್ರೋಕ್ ಹೊಡೆಯಲು ನಮ್ಮಲ್ಲೇ ಚುರುಕಾದ ಹುಡುಗನನ್ನು ಕಳಿಸಿದೆ. ಒಂಬತ್ತನೇ ಕ್ಲಾಸಿನವನು, ಕುರಿ ಕಾಯುವ ಮನೆಯವನು. ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು. ಆ ಟಪ್ ಎನ್ನುವ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಬಸ್ಸಿನಲ್ಲಿ ಬರುವಾಗ ಅವನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಯಾರೋ ಒಬ್ಬರು ಅವನಿಗೆ ಕೇಳುವ ಹಾಗೇ, “ಇವನ ಕೈಗೆ ಯಾಕೆ ಕೊಟ್ರೀ ಸಾರ್” ಅಂದರು. ನಾನು ಉತ್ತರ ಕೊಡಲಿಲ್ಲ. ನನಗೂ ಸೋಲಿನ ಸಂಕಟವಿತ್ತು. ಮರುದಿನ ಬೆಳಿಗ್ಗೆ ಅವನು ಪ್ರಾರ್ಥನೆಗೆ ಮೊದಲೇ ಬಂದು, ಸ್ಟಿಕ್ ಒರೆಸಿ, ಸಾಮಾನಿನ ಕೋಣೆಯ ಮೂಲೆಗೆ ಒರಗಿಸಿಟ್ಟು, “ನನ್ನಿಂದ ಸೋತ್ವಿ ಸಾರ್” ಎಂದು ಹೇಳಿ ಹೋದ. ನಾನು “ಇರ್ಲಿ ಬಿಡೋ” ಅಂದೆ. ಅಷ್ಟೇ. ಬಾ ಎನ್ನಲಿಲ್ಲ. ಸಂಜೆ ಅವನು ಮೈದಾನಕ್ಕೆ ಬರಲಿಲ್ಲ. ನಾಳೆ ಬರುತ್ತಾನೆ ಅಂದುಕೊಂಡೆ. ಅವನು ಬರಲೇ ಇಲ್ಲ. ಅವನ ಜೊತೆಗಾರರು ಮೂವರು ಬಿಟ್ಟರು. ಮರುವರ್ಷ ಹನ್ನೊಂದು ಜನ ಕೂಡಲಿಲ್ಲ, ತಂಡವೇ ಕಟ್ಟಲಾಗಲಿಲ್ಲ. ಎರಡು ವರ್ಷದ ಮೇಲೆ ಆ ಕೋಣೆಯ ಮೂಲೆ ನೋಡಿದಾಗ ಸ್ಟಿಕ್‌ಗಳಿಗೆ ಗೆದ್ದಲು ಹಿಡಿದಿತ್ತು.

ಆ ದಿನ ನನಗೆ ಚನ್ನಗಿರಿಯ ದರ್ಜಿ ಅಂಗಡಿಯ ಮುಂದಿನ ಅಜ್ಜ ನೆನಪಾದರು. ‘ಮತ್ತೆ ಕರ್ಕೊಂಡಾರಲ್ಲ, ಪುಣ್ಯಾತ್ಮರು.’ ಅದೊಂದು ಪುಣ್ಯದ ಕೆಲಸ ನನ್ನಿಂದ ಆಗಲಿಲ್ಲ.

ಆ ಚೆಂಡು ಕಂಬಕ್ಕೆ ಬಡಿಯದೆ ಒಳಗೆ ಹೋಗಿದ್ದರೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ವಿಭಾಗ ಮಟ್ಟಕ್ಕೆ ಹೋಗುತ್ತಿದ್ದೆವು. ಅಲ್ಲಿ ಬೆಂಗಳೂರಿನ ಹುಡುಗರ ಎದುರು ಸೋಲುತ್ತಿದ್ದೆವೇನೋ. ಅಷ್ಟರಿಂದ ಜಗಳೂರಿನ ಹಾಕಿ ಬೆಳೆದುಬಿಡುತ್ತಿರಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಅವನು ಸ್ಟಿಕ್ ಇಡಲು ಬಂದಾಗ ನಾನು ಅದನ್ನು ಅವನ ಕೈಗೇ ವಾಪಸು ಕೊಟ್ಟು, ಚೆಂಡನ್ನು ಚುಕ್ಕೆಯ ಮೇಲಿಟ್ಟು, “ಬಾರಯ್ಯ, ಹೊಡಿ” ಎಂದಿದ್ದರೆ? ಹತ್ತು ನಿಮಿಷದ ಕೆಲಸ. ಆ ತಂಡ ಉಳಿಯುತ್ತಿತ್ತು. ಆ ತಂಡವನ್ನು ನೋಡಿ ಇನ್ನೊಂದು ತಂಡ ಹುಟ್ಟುತ್ತಿತ್ತು. ಇದು ನನ್ನ ಕಲ್ಪನೆಯೇ ಇರಬಹುದು. ಆದರೆ ನನ್ನ ಕೈಯಲ್ಲಿದ್ದದ್ದು ಇದೊಂದೇ, ಕಂಬಕ್ಕೆ ಬಡಿದ ಚೆಂಡು ನನ್ನ ಕೈಯಲ್ಲಿರಲಿಲ್ಲ.

ಸೋಮವಾರಪೇಟೆಯನ್ನು ನೋಡಿ. ಗೋವಿಂದರ ಊರು. ಮುಂದೆ ಅದೇ ಊರಿಂದ ಅರ್ಜುನ್ ಹಾಲಪ್ಪ ಬಂದರು, ಎಸ್.ವಿ. ಸುನಿಲ್ ಬಂದರು. 2016ರ ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ ಭಾರತ ಆಸ್ಟ್ರೇಲಿಯದೊಂದಿಗೆ 0-0 ಸಮ ಮಾಡಿಕೊಂಡು ಶೂಟೌಟ್‌ನಲ್ಲಿ 3-1ರಿಂದ ಸೋತು ಬೆಳ್ಳಿಗೆ ನಿಂತಾಗ ಆ ತಂಡದಲ್ಲಿ ಸುನಿಲ್, ವಿ.ಆರ್. ರಘುನಾಥ್ ಅವರಂಥ ಕೊಡಗಿನ ಮಕ್ಕಳಿದ್ದರು. 43 ವರ್ಷದ ಮೇಲೂ ಅದೇ ಕಥೆ. ಆದರೆ ಕೊಡಗು ಆಟ ಬಿಡಲಿಲ್ಲ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಉತ್ಸವಕ್ಕೆ ಮೊದಲ ವರ್ಷ ಬಂದದ್ದು 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಸೇರಿದವು. ಒಂದೊಂದು ಮನೆತನಕ್ಕೆ ಒಂದೊಂದು ತಂಡ. ಅಲ್ಲಿ ಪ್ರತಿ ವರ್ಷ ಒಂದೇ ತಂಡ ಗೆಲ್ಲುತ್ತದೆ, ಉಳಿದವೆಲ್ಲ ಸೋಲುತ್ತವೆ. ಸೋತವರು ಮುಂದಿನ ವರ್ಷ ಮತ್ತೆ ಬರುತ್ತಾರೆ. ಪೆನಾಲ್ಟಿ ಸ್ಟ್ರೋಕ್ ತಪ್ಪಿಸಿದ ಗೋವಿಂದರನ್ನೇ ಮುಂದೆ ದೇಶ ಹಾಕಿ ಆಯ್ಕೆ ಸಮಿತಿಯ ಅಧ್ಯಕ್ಷರನ್ನಾಗಿ ಕೂರಿಸಿತು. ಯಾರು ಭಾರತಕ್ಕೆ ಆಡಬೇಕೆಂದು ನಿರ್ಧರಿಸುವ ಕುರ್ಚಿ ಅದು.

ನಮ್ಮ ನಾಲ್ಕೂ ತಾಲ್ಲೂಕುಗಳ ಪಂಚಾಯಿತಿಯವರಲ್ಲಿ, ಶಾಲಾಭಿವೃದ್ಧಿ ಸಮಿತಿಯವರಲ್ಲಿ ನನ್ನದೊಂದು ವಿನಂತಿ. ನಾಳೆಯೇ ಟರ್ಫ್ ಹಾಸಿ ಎಂದು ಕೇಳುವುದಿಲ್ಲ. ಶಾಲೆಯ ಬಯಲಿನ ಒಂದು ಮಗ್ಗುಲನ್ನಾದರೂ ಸಮ ಮಾಡಿಸಿ, ಕಲ್ಲು ಆರಿಸಿ, ರೋಲರ್ ಎಳೆಸಿ. ಸುಗ್ಗಿಯ ಕಾಲದಲ್ಲಿ ಜೋಳಕ್ಕೆ, ಅಡಿಕೆಗೆ ಬೇರೆ ಜಾಗ ಹುಡುಕಿ. ಹನ್ನೊಂದು ಸ್ಟಿಕ್, ಗೋಲಿಗೆ ಒಂದು ಜೊತೆ ಪ್ಯಾಡ್ ಕೊಡಿಸಿ.

ನನ್ನ ವೃತ್ತಿಬಾಂಧವರಲ್ಲಿ ಇನ್ನೊಂದು ವಿನಂತಿ. ಈ ವರ್ಷವೂ ತಾಲ್ಲೂಕು ಕ್ರೀಡಾಕೂಟ ಬರುತ್ತದೆ. ಯಾವುದೋ ಒಂದು ಫೈನಲ್‌ನಲ್ಲಿ ನಿಮ್ಮ ಶಾಲೆಯ ಒಬ್ಬ ಹುಡುಗನೋ ಹುಡುಗಿಯೋ ಕೊನೆಯ ಚೆಂಡು ತಪ್ಪಿಸುತ್ತಾರೆ. ಆ ಸಂಜೆ ಬಸ್ಸಿನಲ್ಲಿ ಅವರ ಪಕ್ಕದ ಸೀಟಿನಲ್ಲಿ ನೀವೇ ಕೂತುಕೊಳ್ಳಿ. ಮರುದಿನ ಪ್ರಾರ್ಥನೆಗೆ ಮೊದಲು ಆ ಮಗುವನ್ನು ಹೆಸರು ಹಿಡಿದು ಮೈದಾನಕ್ಕೆ ಕರೆಯಿರಿ, ಚೆಂಡನ್ನು ಚುಕ್ಕೆಯ ಮೇಲಿಟ್ಟು ಕೈಗೆ ಸ್ಟಿಕ್ ಕೊಡಿ.